ವಸಡಿನ ರಕ್ತಕ್ಕೆ ಲವಂಗದ ಎಣ್ಣೆ ಸಾಕಾಗಲ್ಲ ಸಾರ್

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪೇಪರಿನ ಆರೋಗ್ಯದ ಪುಟದ ಕೆಳಗಡೆ ಮೂಲೇಲಿ ಒಂದು ಬಾಕ್ಸ್ ಬಂದಿತ್ತು, ವಸಡಿನಲ್ಲಿ ರಕ್ತ ಬರೋದಕ್ಕೆ ಮನೆಮದ್ದು ಅಂತ. ಲವಂಗದ ಎಣ್ಣೆ ಹಚ್ಚಿ, ಅರಿಶಿನ ತಿಕ್ಕಿ, ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಿ, ಮೂರೇ ದಿನಕ್ಕೆ ಗುಣ ಅಂತ ಬರ್ದಿದ್ರು. ಆ ಬಾಕ್ಸನ್ನ ಕತ್ತರಿಸಿ ಜೇಬಲ್ಲಿಟ್ಕೊಂಡು ಲವಂಗದ ಎಣ್ಣೆ ಕೇಳ್ಕೊಂಡು ನಮ್ಮಂಗಡಿಗೆ ಬಂದವ್ರೂ ಇದ್ದಾರೆ. ಸಾಗರದಲ್ಲಿ ನಂದೊಂದು ಮೆಡಿಕಲ್ ಶಾಪ್ ಇದೆ, ಎಣ್ಣೆ ಖರ್ಚಾದ್ರೆ ನಂಗೇನೂ ನಷ್ಟ ಇಲ್ಲ, ಆದ್ರೂ ಕೂತು ಈ ಕಾಗದ ಬರೀತಿರೋದ್ಯಾಕೆ ಅಂದ್ರೆ ಆ ಬಾಕ್ಸಲ್ಲಿ ರಕ್ತ ಯಾಕೆ ಬರುತ್ತೆ ಅನ್ನೋದೇ ಇರ್ಲಿಲ್ಲ, ಹಲ್ಲಿನ ಡಾಕ್ಟ್ರ ಹತ್ರ ಹೋಗಿ ಅಂತ ಒಂದು ಸಾಲೂ ಇರ್ಲಿಲ್ಲ.

ನಮ್ಮ ಕೌಂಟರಿಗೆ ಬರೋರು ಹೇಳೋದು ಹೆಚ್ಚುಕಮ್ಮಿ ಒಂದೇ ಥರ. "ಬ್ರಷ್ ಮಾಡೋವಾಗ ರಕ್ತ ಬರ್ತದೆ, ಉಷ್ಣ ಆಗಿರ್ಬೇಕು, ಏನಾದ್ರೂ ಕೊಡಿ." ಕೆಲವ್ರು ಗಮ್ ಪೇಂಟ್ ಕೇಳ್ತಾರೆ, ಕೆಲವ್ರು ಚೀಪೋ ವಿಟಮಿನ್ ಸಿ ಮಾತ್ರೆ, ಇನ್ನು ಕೆಲವ್ರು ಯಾವಾಗ್ಲೋ ಹಲ್ಲುನೋವಿಗೆ ಬರ್ಕೊಟ್ಟಿದ್ದ ಆಂಟಿಬಯಾಟಿಕ್ ಚೀಟಿ ಮಡಚಿಟ್ಕೊಂಡು ಅದನ್ನೇ ತರ್ತಾರೆ. ಎಷ್ಟು ದಿನದಿಂದ ಬರ್ತಿದೆ ಅಂತ ಕೇಳಿದ್ರೆ "ಅಯ್ಯೋ ಅದು ವರ್ಷದಿಂದ ಇದ್ದಿದ್ದೇ" ಅಂತಾರೆ. ನೋವಿಲ್ವಲ್ಲ, ಅದಕ್ಕೇ ಈ ಉದಾಸೀನ. ಕೈಯಲ್ಲಿ ದಿನಾ ಬೆಳಿಗ್ಗೆ ರಕ್ತ ಒಸರ್ತಿದ್ರೆ ಯಾರಾದ್ರೂ ವರ್ಷ ಸುಮ್ನಿರ್ತಾರಾ ಹೇಳಿ.

ಉಷ್ಣಾನೂ ಅಲ್ಲ ಎಂಥದ್ದೂ ಅಲ್ಲ, ಬಹುಪಾಲು ಜನಕ್ಕೆ ಕಾರಣ ಹಲ್ಲು ಮತ್ತೆ ವಸಡು ಸೇರೋ ಗೆರೇಲಿ ಕೂತಿರೋ ಕೊಳೆ. ಇದನ್ನ ತಿಳ್ಕೊಳೋಕೆ ಯಾವ ಟೆಸ್ಟೂ ಬೇಡ, ಕೆಳಗಿನ ಸಾಲಿನ ಮುಂದಿನ ಹಲ್ಲುಗಳ ಹಿಂಬದೀನ ನಾಲಿಗೆ ತುದೀಲಿ ಸವರಿ ನೋಡಿ. ಬೆಳಿಗ್ಗೆ ಎದ್ದ ತಕ್ಷಣ ಲೋಳೆ ಲೋಳೆ ಅನ್ಸಿದ್ರೆ ಅದು ಪ್ಲಾಕ್, ಕೋಟಿಗಟ್ಲೆ ಬ್ಯಾಕ್ಟೀರಿಯಾ ಸೇರಿ ಕಟ್ಟಿರೋ ಪದರ, ಬ್ರಷ್ ತಾಗಿದ್ರೆ ಹೋಗುತ್ತೆ. ಉಜ್ಜಿದ ಮೇಲೂ ಗರಗಸದ ಥರ ಗರಗರ ಅಂತಿದ್ರೆ ಅದು ಟಾರ್ಟರ್, ನಮ್ಮ ಕಡೆ ಹಲ್ಲಿನ ಪಾಚಿ ಅಂತಾರಲ್ಲ ಅದು ಗಟ್ಟಿಯಾಗಿದ್ದು, ಬ್ರಷ್ಷಿಗೆ ಜಗ್ಗಲ್ಲ. ಎಂಜಲಲ್ಲಿರೋ ಸುಣ್ಣದಂಶ ಪ್ಲಾಕ್ ಮೇಲೆ ಕೂತು ಕೂತು ಕೆಲವೇ ದಿನದಲ್ಲಿ ಕಲ್ಲಾಗುತ್ತೆ, ಬಚ್ಚಲ ಹಂಡೆ ಒಳಗೆ ಗಡಸುನೀರಿಂದ ಬಿಳೀ ಪದರ ಕಟ್ಟುತ್ತಲ್ಲ ಹಾಗೆ. ಅದೂ ಕೆಳಗಿನ ಮುಂದಿನ ಹಲ್ಲಿನ ಹಿಂದೇನೇ ಜಾಸ್ತಿ ಯಾಕೆ ಅಂದ್ರೆ ನಾಲಿಗೆ ಅಡಿಗೆ ಎಂಜಲು ಗ್ರಂಥಿ ಬಾಯಿ ಬಿಡೋದು ಅಲ್ಲೇ. ಅಲ್ಲಿಗೆ ಬ್ರಷ್ ಹಾಕೋರು ಎಷ್ಟು ಜನ ಇದ್ದಾರೆ, ಎಲ್ರೂ ಕನ್ನಡೀಲಿ ಕಾಣೋ ಮುಂಭಾಗ ತಿಕ್ಕಿ ಉಗುಳಿ ಬರೋರೇ.

ಇದು ಬರೀ ನಂಬಿಕೆ ಮಾತಲ್ಲ. 1965ರಲ್ಲಿ ಡೆನ್ಮಾರ್ಕಿನ ಆರ್ಹಸ್‌ನಲ್ಲಿ ಹರಾಲ್ಡ್ ಲೋ ಅನ್ನೋ ವಿಜ್ಞಾನಿ ಮತ್ತೆ ಅವ್ರ ಜೊತೆಯವ್ರು ವಸಡು ಚೆನ್ನಾಗಿದ್ದ 12 ಜನಕ್ಕೆ ಹಲ್ಲುಜ್ಜೋದನ್ನ ನಿಲ್ಸಿ ಅಂದ್ರು, ಅದ್ರಲ್ಲಿ ಹೆಚ್ಚಿನವ್ರು ಡೆಂಟಲ್ ಓದೋ ಹುಡುಗ್ರೇ. 10ರಿಂದ 21 ದಿನದೊಳಗೆ ಅಷ್ಟೂ ಜನಕ್ಕೆ ವಸಡು ಊದ್ಕೊಂಡು ಕೆಂಪಾಯ್ತು. ಮತ್ತೆ ಉಜ್ಜೋಕೆ ಶುರು ಮಾಡ್ಸಿದ್ರು, ಸುಮಾರು ಒಂದು ವಾರಕ್ಕೆ ಮೊದ್ಲಿನ ಹಾಗಾಯ್ತು. ಔಷಧಿ ಇಲ್ಲ, ಮಾತ್ರೆ ಇಲ್ಲ. ಇದನ್ನ ನಾನು ಅಂಗಡೀಲಿ ಹೇಳಿದ್ರೆ ಜನ ನಗ್ತಾರೆ, ಮಾತ್ರೆ ಮಾರೋನೇ ಮಾತ್ರೆ ಬೇಡ ಅಂತಾನಲ್ಲ ಅಂತ.

ಇನ್ನೊಂದು ಎಡವಟ್ಟು ಏನಂದ್ರೆ ರಕ್ತ ಬಂದ ಜಾಗಾನ ಜನ ಬಿಟ್ಬಿಡ್ತಾರೆ, ಪಾಪ ಗಾಯ ಆಗಿದೆ ಮುಟ್ಟಬಾರ್ದು ಅಂತ. ಬಿಟ್ಟಷ್ಟೂ ಅಲ್ಲಿ ಕೊಳೆ ಕೂರುತ್ತೆ, ಕೂತಷ್ಟೂ ವಸಡು ಊದುತ್ತೆ, ಊದಿದಷ್ಟೂ ರಕ್ತ. ಆ ಜಾಗದಲ್ಲೇ ಮೆತ್ತಗೆ, ಆದ್ರೆ ತಪ್ಪದೆ ಉಜ್ಜಬೇಕು, ಮೊದ್ಲೊಂದು ಸ್ವಲ್ಪ ದಿನ ರಕ್ತ ಬಂದೇ ಬರುತ್ತೆ, ಆಮೇಲೆ ಕಮ್ಮಿಯಾಗುತ್ತೆ. ಎರಡು ವಾರ ಸರಿಯಾಗಿ ಉಜ್ಜಿಯೂ ನಿಲ್ಲಲಿಲ್ಲ ಅಂದ್ರೆ ಒಳಗೆ ಕಲ್ಲು ಕೂತಿದೆ ಅಂತ ಅರ್ಥ, ಅದು ಮನೇಲಿ ಆಗೋ ಕೆಲ್ಸ ಅಲ್ಲ. ಬೇರೆ ಕಾರಣಾನೂ ಇರ್ಬಹುದು, ಅದಕ್ಕೆ ಕೆಳಗೆ ಬರ್ತೀನಿ.

ಹಾಗೇ ಬಿಟ್ರೆ ಏನಾಗುತ್ತೆ ಅನ್ನೋದನ್ನೂ ಬರೀಬೇಕು. ವಸಡಿಗೂ ಹಲ್ಲಿಗೂ ನಡುವೆ ಒಂದು ಸಂದು ಇರುತ್ತೆ, ಆರೋಗ್ಯವಾಗಿದ್ರೆ ಆಳ 1ರಿಂದ 3 ಮಿಲಿಮೀಟರ್ ಅಷ್ಟೇ. ಕೊಳೆ ಕೆಳಗಿಳಿದ ಹಾಗೆ ಆ ಸಂದು ಆಳ ಆಗ್ತಾ ಹೋಗುತ್ತೆ, ಡಾಕ್ಟ್ರುಗಳು ಪಾಕೆಟ್ ಅಂತಾರೆ, ಆಮೇಲೆ ಹಲ್ಲು ಹಿಡಿದಿರೋ ಮೂಳೆ ಕರಗೋಕೆ ಶುರು. ವಸಡು ಊದಿದ್ದು ವಾಪಸ್ ಸರಿಹೋಗುತ್ತೆ, ಕರಗಿದ ಮೂಳೆ ತಾನಾಗಿ ಹುಟ್ಟಲ್ಲ. ಬಾಯಿ ವಾಸನೆ ಬರುತ್ತೆ, ಹಲ್ಲು ಉದ್ದ ಆದ ಹಾಗೆ ಕಾಣುತ್ತೆ, ನಡುವೆ ಸಂದಿ ಬಿಡುತ್ತೆ, ಚಕ್ಕುಲಿ ಕಡಿದ್ರೆ ಅಲ್ಲಾಡುತ್ತೆ. ನಮ್ಮ ಅಜ್ಜಂದಿರಿಗೆಲ್ಲ ವಯಸ್ಸಾಗಿ ಹಲ್ಲು ಬಿತ್ತು ಅಂದ್ಕೊಂಡಿದ್ವಿ, ಎಷ್ಟೋ ಜನಕ್ಕೆ ಬಿದ್ದಿದ್ದು ಈ ಕಾಯಿಲೇಲಿ. ಜಗತ್ತಲ್ಲಿ ಸುಮಾರು 100 ಕೋಟಿ ಜನಕ್ಕೆ ವಸಡಿನ ಕಾಯಿಲೆ ತೀವ್ರ ಆಗಿರೋ ಹಂತದಲ್ಲಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರ ವರದೀಲಿ ಹೇಳಿದೆ.

ಹಂಗಾದ್ರೆ ಹಲ್ಲಿನ ಡಾಕ್ಟ್ರ ಹತ್ರ ಆ ಕಲ್ಲು ತೆಗ್ಸಿ ಕ್ಲೀನ್ ಮಾಡ್ಸಿ ಅಂದ್ರೆ ಶುರುವಾಗುತ್ತೆ ನೋಡಿ ತಕರಾರು. "ಕ್ಲೀನ್ ಮಾಡ್ಸಿದ್ರೆ ಹಲ್ಲು ಸಡಿಲ ಆಗ್ತದಂತೆ, ನಮ್ಮ ಭಾವಂಗೆ ಹಂಗೇ ಆಯ್ತು." ಈ ಮಾತನ್ನ ಓದಿದವ್ರ ಬಾಯಲ್ಲೂ ಕೇಳಿದೀನಿ. ಆಗೋದೇನಂದ್ರೆ ಮೂಳೆ ಮೊದ್ಲೇ ಕರಗಿರುತ್ತೆ, ಹಲ್ಲುಗಳ ನಡುವೆ ಕೂತಿರೋ ಆ ಕಲ್ಲೇ ಅವನ್ನ ಒಂದಕ್ಕೊಂದು ಅಂಟಿಸಿ ಹಿಡ್ಕೊಂಡಿರುತ್ತೆ, ಕಲ್ಲು ತೆಗೆದ ಮೇಲೆ ಹಲ್ಲಿನ ನಿಜ ಸ್ಥಿತಿ ಗೊತ್ತಾಗುತ್ತೆ. ಸಂದಿ ಕಾಣೋದೂ ಅದಕ್ಕೇ. ಜುಮ್ ಅನ್ನೋದು ಕೆಲವು ದಿನ ಇರುತ್ತೆ, ಬೇರು ಅಷ್ಟು ದಿನ ಮುಚ್ಕೊಂಡಿದ್ದು ಬಯಲಿಗೆ ಬಂದಿರುತ್ತಲ್ಲ. ಕ್ಲೀನ್ ಮಾಡೋ ಸ್ಕೇಲಿಂಗ್ ಮೆಷಿನ್ ಹಲ್ಲನ್ನ ಕೊರೆಯಲ್ಲ, ನೀರು ಚಿಮ್ತಾ ಜೋರಾಗಿ ಕಂಪಿಸಿ ಕಲ್ಲನ್ನ ಬಿಡಿಸುತ್ತೆ. ಪಾಕೆಟ್ ಆಳ ಇದ್ರೆ ಮರಗಟ್ಟೋ ಇಂಜೆಕ್ಷನ್ ಕೊಟ್ಟು ಬೇರಿನ ಮೇಲಿಂದೂ ತೆಗೀತಾರೆ, ಅದಕ್ಕೂ ಬಗ್ಗಲಿಲ್ಲ ಅಂದ್ರೆ ವಸಡು ಬಿಡಿಸಿ ಸಣ್ಣ ಸರ್ಜರಿ. ಆ ಹಂತಕ್ಕೆ ಹೋಗೋ ಮೊದ್ಲು ಮಾಡ್ಸಿದ್ರೆ ಒಂದೇ ಸಲದಲ್ಲಿ ಮುಗಿಯೋ ಕೆಲ್ಸ. ಗಮ್ ಪೇಂಟು, ಮೌತ್‌ವಾಶು, ದುಬಾರಿ ಪೇಸ್ಟು ಅಂತ ನಮ್ಮಂಗಡಿಗೆ ಸುರಿಯೋ ದುಡ್ಡು ಲೆಕ್ಕ ಹಾಕಿದ್ರೆ ಕ್ಲೀನಿಂಗೇನೂ ಹೊರೆ ಅನ್ಸಲ್ಲ.

ಮನೆಮದ್ದಿಗೆ ನಾನು ಶತ್ರು ಅಲ್ಲ. ಬಿಸಿ ಉಪ್ಪುನೀರಿಂದ ಊತಕ್ಕೆ ಒಂಚೂರು ಹಿತ ಆಗುತ್ತೆ, ಸುಳ್ಳಲ್ಲ. ಲವಂಗದ ಎಣ್ಣೆ ನೋವು ಮರೆಸುತ್ತೆ, ಆದ್ರೆ ನೇರ ವಸಡಿಗೆ ಬಳೀತಾ ಹೋದ್ರೆ ಸುಡುತ್ತೆ, ಅದನ್ನ ನಿಮ್ಮ ಬಾಕ್ಸಲ್ಲಿ ಬರೀಬೇಕಿತ್ತು. ಯಾವುದೂ ಕಲ್ಲು ಕರಗಿಸಲ್ಲ. ಇದ್ದಿಲು, ಇಟ್ಟಿಗೆ ಪುಡಿ, ಕೆಂಪು ಹಲ್ಲುಪುಡಿ ಹಾಕಿ ಬೆರಳಲ್ಲಿ ತಿಕ್ಕೋರು ಹಳ್ಳಿ ಕಡೆ ಈಗ್ಲೂ ಇದ್ದಾರೆ, ಅದ್ರಿಂದ ಹಲ್ಲು ಸವೆದು ವಸಡು ಕೆಳಗೆ ಜಾರುತ್ತೆ. ತಮಾಷೆ ಅಂದ್ರೆ ಅಜ್ಜಿ ಇದ್ದಿಲು ಬಿಟ್ಟು ಪೇಸ್ಟಿಗೆ ಬಂದ್ಲು, ಮೊಮ್ಮಗ ಈಗ ಚಾರ್ಕೋಲ್ ಪೇಸ್ಟ್ ಅಂತ ಜಾಸ್ತಿ ದುಡ್ಡು ಕೊಟ್ಟು ಅದೇ ಇದ್ದಿಲು ತಗೊಂಡು ಹೋಗ್ತಾನೆ. ತಂಬಾಕು ಸೇರಿಸಿದ ಹಲ್ಲುಪುಡಿ, ಪೇಸ್ಟು ಮಾರಬಾರ್ದು ಅಂತ 1992ರಲ್ಲೇ ಕೇಂದ್ರ ಸರ್ಕಾರ ನಿಷೇಧ ಹಾಕಿದೆ, ಆದ್ರೂ ತಂಬಾಕಿನ ಪುಡೀಲೇ ಹಲ್ಲುಜ್ಜೋದು ಪೂರ್ತಿ ನಿಂತಿಲ್ಲ.

ಬ್ರಷ್ ವಿಷ್ಯದಲ್ಲಂತೂ ದಿನಾ ವಾದ. "ಹಾರ್ಡ್ ಕೊಡಿ, ಸಾಫ್ಟಲ್ಲಿ ಉಜ್ಜಿದ ಹಾಗೇ ಅನ್ಸಲ್ಲ." ತೋಟದಲ್ಲಿ ಕೆಲ್ಸ ಮಾಡೋ ಗಟ್ಟಿ ಕೈಗೆ ಹಾರ್ಡ್ ಬ್ರಷ್ ಸಿಕ್ರೆ ವಸಡು ಉಳಿಯುತ್ತಾ? ಸಾಫ್ಟೇ ಸಾಕು. ಬ್ರಷ್ಷನ್ನ ವಸಡಿನ ಗೆರೆಗೆ ಓರೆಯಾಗಿ, 45 ಡಿಗ್ರಿ ಅಂತಾರಲ್ಲ ಹಾಗೆ ಇಟ್ಟು, ಎಳೆಗಳ ತುದಿ ಸಂದಿಗೆ ಹೋಗೋ ಹಾಗೆ ಸಣ್ಣಕೆ ಅಲ್ಲಾಡಿಸಿ ಆಮೇಲೆ ಹಲ್ಲಿನ ತುದಿ ಕಡೆಗೆ ಗುಡಿಸಬೇಕು, ಗರಗಸ ಎಳೆದ ಹಾಗೆ ಅಡ್ಡಡ್ಡ ಎಳೀಬಾರ್ದು. ಎರಡು ನಿಮಿಷ, ದಿನಕ್ಕೆ ಎರಡು ಸಲ, ಅದ್ರಲ್ಲಿ ರಾತ್ರಿ ಮಲಗೋ ಮುಂಚಿಂದು ತಪ್ಪಿಸ್ಲೇಬಾರ್ದು ಯಾಕಂದ್ರೆ ನಿದ್ದೇಲಿ ಎಂಜಲು ಕಮ್ಮಿ, ಕೊಳೆಗೆ ಅದೇ ಹಬ್ಬ. ಬ್ರಷ್ಷಿನ ಎಳೆ ಸೊಟ್ಟಗಾದ್ರೂ ಬಿಡದೆ ವರ್ಷಗಟ್ಲೆ ಅದ್ರಲ್ಲೇ ಉಜ್ಜೋರಿದ್ದಾರೆ, ಮೂರು ತಿಂಗ್ಳಿಗೊಂದು ಬದಲಿಸ್ಬೇಕು. ಹಲ್ಲುಗಳ ನಡುವೆ ಬ್ರಷ್ ಹೋಗಲ್ಲ, ಅಲ್ಲಿಗೆ ಫ್ಲಾಸ್ ದಾರ, ಸಂದಿ ದೊಡ್ಡದಿದ್ರೆ ಬಾಟ್ಲಿ ತೊಳೆಯೋ ಬ್ರಷ್ಷಿನ ಮರಿಯಂಥ ಸಣ್ಣ ಬ್ರಷ್ ಸಿಗುತ್ತೆ. ಗುಂಡುಪಿನ್ನು, ಬೆಂಕಿಕಡ್ಡಿ ಹಾಕಿ ಕೆದಕೋ ಚಟ ಮಾತ್ರ ದಯವಿಟ್ಟು ಬೇಡ.

ಮೌತ್‌ವಾಶ್ ಬಗ್ಗೆ ಒಂದು ಮಾತು. ಕ್ಲೋರ್‌ಹೆಕ್ಸಿಡಿನ್ ಅನ್ನೋ ಬ್ಯಾಕ್ಟೀರಿಯಾ ಕೊಲ್ಲೋ ಔಷಧಿ ಇರೋದು ನಿಜವಾಗ್ಲೂ ಕೆಲ್ಸ ಮಾಡುತ್ತೆ, ಆದ್ರೆ ಡಾಕ್ಟ್ರು ಹೇಳಿದಷ್ಟು ದಿನ, ಸಾಮಾನ್ಯವಾಗಿ ಎರಡು ವಾರ ಅಷ್ಟೇ. ತಿಂಗ್ಳುಗಟ್ಲೆ ಹಾಕಿದ್ರೆ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತೆ, ನಾಲಿಗೆ ರುಚಿ ಕೆಡುತ್ತೆ. ಪೇಸ್ಟಲ್ಲಿ ಉಜ್ಜಿದ ತಕ್ಷಣ ಹಾಕ್ಬಾರ್ದು, ಅರ್ಧ ಗಂಟೆ ಬಿಡಿ, ಇಲ್ಲಾಂದ್ರೆ ಪೇಸ್ಟಿನ ನೊರೆ ಅಂಶ ಔಷಧೀನ ಕೆಡಿಸುತ್ತೆ. ಅದು ಉಜ್ಜೋದಕ್ಕೆ ಬದ್ಲಿ ಅಲ್ಲವೇ ಅಲ್ಲ.

ಈಗ ನಮ್ಮೂರಿನ ಕಷ್ಟದ ವಿಷ್ಯ. ಅಡಿಕೆ ನಂಬ್ಕೊಂಡು ಬದುಕೋ ಸೀಮೆ ಇದು, ಎಲೆಅಡಿಕೆ ಬಗ್ಗೆ ಮಾತಾಡಿದ್ರೆ ಸಿಟ್ಟು ಬರುತ್ತೆ, ನಂಗೂ ತೋಟದ ನೆಂಟ್ರೇ ಎಲ್ಲ. ಆದ್ರೆ ಸುಣ್ಣ ಹೊಗೆಸೊಪ್ಪು ಸೇರಿಸಿ ಕೆನ್ನೆ ಸಂದೀಲಿ ಒತ್ತಿಟ್ಕೊಳೋ ಜಾಗದಲ್ಲಿ ವಸಡು ಹೇಗೆ ಬೇರಿನವರೆಗೂ ಜಾರಿರುತ್ತೆ ಅಂತ ಯಾರಾದ್ರೂ ಬಾಯಿ ತೆಗೆದು ತೋರ್ಸಿದ್ರೆ ಸಾಕು, ಬೇರೆ ಪುರಾವೆ ಬೇಡ. ಗುಟ್ಕಾ 2013ರಿಂದ ರಾಜ್ಯದಲ್ಲಿ ಬ್ಯಾನು, ಪಾನ್ ಮಸಾಲ ಒಂದು ಪ್ಯಾಕೆಟ್ಟು ತಂಬಾಕು ಇನ್ನೊಂದು ಪ್ಯಾಕೆಟ್ಟು ಅಂತ ಜೋಡೀಲಿ ಸಿಗುತ್ತೆ, ಬಾಯೊಳಗೆ ಹೋಗಿ ಗುಟ್ಕಾನೇ ಆಗುತ್ತೆ. ಬೀಡಿ ಸಿಗರೇಟಿನದು ಇನ್ನೂ ಮೋಸ, ಸೇದೋರಿಗೆ ರಕ್ತ ಕಮ್ಮಿ ಬರುತ್ತೆ. ವಸಡಿಗೆ ರಕ್ತದ ಓಡಾಟ ಕಮ್ಮಿ ಆಗಿ ಕಾಯಿಲೆ ಒಳಗೊಳಗೇ ಬೆಳೆಯುತ್ತೆ, ಹೊರಗೆ ಸುಳಿವೇ ಕೊಡಲ್ಲ. ಬಿಟ್ಟ ಮೇಲೆ ಕೆಲವು ಸಲ ರಕ್ತ ಜಾಸ್ತಿ ಕಾಣುತ್ತೆ, ಆಗ "ನೋಡಿ ಬೀಡಿ ಬಿಟ್ಟಿದ್ದಕ್ಕೇ ಹಿಂಗಾಯ್ತು" ಅಂತ ವಾಪಸ್ ಹಚ್ಚೋರೂ ಇದ್ದಾರೆ. ಅದು ಗುಣ ಆಗೋ ಲಕ್ಷಣ.

ಶುಗರ್ ಇರೋರಿಗೆ ಇದು ಎರಡು ಕಡೆ ಏಟು. ಶುಗರ್ ಕಂಟ್ರೋಲಲ್ಲಿ ಇಲ್ಲಾಂದ್ರೆ ವಸಡು ಬೇಗ ಹಾಳಾಗುತ್ತೆ, ವಸಡಲ್ಲಿ ಸೋಂಕಿದ್ರೆ ಶುಗರ್ ಇಳಿಸೋದು ಕಷ್ಟ ಆಗುತ್ತೆ. ಮಾತ್ರೆ ಡೋಸ್ ಏರಿಸ್ತಾ ಏರಿಸ್ತಾ ಹೋಗೋರು ಒಂದ್ಸಲ ಬಾಯಿ ತೋರಿಸ್ಬೇಕು. ಬಸುರಿ ಹೆಂಗಸರಿಗೆ ಹಾರ್ಮೋನಿಂದ ವಸಡು ಊದಿ ರಕ್ತ ಬರೋದು ಸಾಮಾನ್ಯ, ಬಸುರೀಲಿ ಹಲ್ಲಿನ ಡಾಕ್ಟ್ರ ಹತ್ರ ಹೋಗ್ಬಾರ್ದು ಅನ್ನೋದು ತಪ್ಪು ಕಲ್ಪನೆ, ಕ್ಲೀನಿಂಗ್ ಮಾಡಿಸ್ಬಹುದು, ಆದ್ರೆ ಬಸುರಿ ಅಂತ ಮೊದ್ಲೇ ಹೇಳ್ಬೇಕು. ಬಿಪಿಗೆ ತಗೊಳೋ ಅಮ್ಲೋಡಿಪಿನ್, ಫಿಟ್ಸಿಗೆ ಕೊಡೋ ಫೆನಿಟಾಯಿನ್, ಇವು ಕೆಲವರಿಗೆ ವಸಡನ್ನ ಬೆಳೆಸುತ್ತವೆ, ಹಲ್ಲಿನ ಮೇಲೆ ಏರಿ ಬರುತ್ತೆ. ಹಾರ್ಟಿಗೆ ಅಂತ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ತಗೊಳೋರಿಗೆ ರಕ್ತ ಬೇಗ ನಿಲ್ಲಲ್ಲ. ಆದ್ರೆ ಕೈಮುಗಿದು ಹೇಳ್ತೀನಿ, ವಸಡಲ್ಲಿ ರಕ್ತ ಬಂತು ಅಂತ ಇವನ್ನ ನಿಮ್ಮಷ್ಟಕ್ಕೆ ನಿಲ್ಲಿಸ್ಬೇಡಿ, ಬರ್ಕೊಟ್ಟ ಡಾಕ್ಟ್ರನ್ನ ಕೇಳಿ. ಹಾರ್ಟಿನ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸ್ಕೊಂಡೋರು ಹಾಗೆ ನಿಲ್ಲಿಸಿದ್ರೆ ಜೀವಕ್ಕೇ ಬರುತ್ತೆ.

ವಿಟಮಿನ್ ಸಿ ಕಮ್ಮಿ ಆಗಿ ವಸಡು ಒಸರೋದು ನಿಜ, ಹಡಗಿನವ್ರಿಗೆ ಬರ್ತಿದ್ದ ಸ್ಕರ್ವಿ ಅದೇ, 1747ರಲ್ಲಿ ಜೇಮ್ಸ್ ಲಿಂಡ್ ಕಿತ್ತಳೆ ನಿಂಬೆ ಕೊಟ್ಟು ಪರೀಕ್ಷೆ ಮಾಡಿದ್ದು ಅದಕ್ಕೇ. ಆದ್ರೆ ದಿನಾ ನಿಂಬೆಹುಳಿ ಚಿತ್ರಾನ್ನ, ಹಸಿ ತಂಬುಳಿ, ನೆಲ್ಲಿಕಾಯಿ ತಿನ್ನೋ ಮನೇಲಿ ಸ್ಕರ್ವಿ ಎಲ್ಲಿಂದ ಬರ್ಬೇಕು. ಒಂಟಿಯಾಗಿ ಟೀ ಬನ್ನಲ್ಲೇ ದಿನ ದೂಡೋ ವಯಸ್ಸಾದವ್ರು, ಕುಡಿತಕ್ಕೆ ಬಿದ್ದು ಊಟ ಬಿಟ್ಟೋರು, ಇವ್ರಿಗೆ ಬರ್ಬಹುದು. ಉಳಿದವ್ರು ಮಾತ್ರೆ ಬದ್ಲು ಒಂದು ಸೀಬೆಹಣ್ಣು ತಿನ್ನಿ, ಅದ್ರಲ್ಲಿ ಕಿತ್ತಳೆಗಿಂತ ಜಾಸ್ತಿ ಇದೆ.

ಇಷ್ಟೆಲ್ಲ ನಿಧಾನದ ಕಥೆ. ಇನ್ನು ಕೆಲವು ಸಂದರ್ಭದಲ್ಲಿ ವಸಡಿನ ರಕ್ತ ಅಂದ್ರೆ ಗಾಡಿ ಹತ್ತಿ ಆಸ್ಪತ್ರೆಗೆ ಓಡೋ ವಿಷ್ಯ, ಇದು ಮನೆಮದ್ದಿನ ಬಾಕ್ಸಲ್ಲಿ ಇಲ್ದೇ ಇದ್ದಿದ್ದೇ ನನ್ನ ದೊಡ್ಡ ತಕರಾರು. ಜ್ವರ ಬಂದು ಅದ್ರ ಜೊತೆ ವಸಡಲ್ಲಿ, ಮೂಗಲ್ಲಿ ರಕ್ತ ಬಂದ್ರೆ ಡೆಂಗ್ಯೂ ಅಪಾಯದ ಹಂತಕ್ಕೆ ಹೋಗ್ತಿರ್ಬಹುದು. ಜ್ವರ ಬಿಟ್ಟ ಮೇಲೇ ಈ ಅಪಾಯ ಜಾಸ್ತಿ, ಜ್ವರ ಇಳೀತಲ್ಲ ಅಂತ ನಿರಾಳ ಆಗೋದು ಬೇಡ. ಅಂಥ ಜ್ವರಕ್ಕೆ ಮೈಕೈ ನೋವು ಅಂತ ಬ್ರೂಫೆನ್, ಆಸ್ಪಿರಿನ್ ಕೇಳಿದ್ರೆ ನಾನು ಕೊಡಲ್ಲ, ಪ್ಯಾರಾಸಿಟಮಾಲ್ ಮಾತ್ರ, ಬೈದ್ರೂ ಸರಿ. 2024ರಲ್ಲಿ ನಮ್ಮ ಸರ್ಕಾರ ಡೆಂಗ್ಯೂನ ಸಾಂಕ್ರಾಮಿಕ ರೋಗ ಅಂತ ಘೋಷಣೆನೂ ಮಾಡ್ತು. ನಮ್ಮ ಕಡೆ ಇನ್ನೊಂದಿದೆ, ಮಂಗನ ಕಾಯಿಲೆ, ಕಾಡಿನ ಉಣ್ಣಿ ಕಚ್ಚಿ ಬರೋ ಜ್ವರ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮಂಗ ಸತ್ತು ಬಿದ್ದಾಗ ಪತ್ತೆ ಆಗಿದ್ದು, ನಮ್ಮ ತಾಲ್ಲೂಕಿನ ಅರಳಗೋಡಲ್ಲಿ 2018ರ ಕೊನೇಲಿ ಮತ್ತೆ ಎದ್ದಿದ್ದು ಯಾರೂ ಮರ್ತಿಲ್ಲ. ಚಳಿಗಾಲದಿಂದ ಬೇಸಿಗೆ ತನ್ಕ ಕಾಡಿಗೆ ದರಗು ಸೊಪ್ಪಿಗೆ ಹೋಗಿ ಬಂದೋರಿಗೆ ತಟ್ಟನೆ ಜ್ವರ, ತಲೆನೋವು, ಸೊಂಟ ಮೀನಖಂಡ ಹಿಡಿದ ಹಾಗೆ ನೋವು ಬಂದು ಆಮೇಲೆ ವಸಡಲ್ಲಿ ರಕ್ತ ಕಂಡ್ರೆ ಒಂದು ರಾತ್ರೀನೂ ಕಾಯ್ಬಾರ್ದು.

ಕೊಳಕುಮಂಡಲ ಹಾವು ಕಚ್ಚಿದ್ರೂ ಹಾಗೇ. ಹುಲ್ಲು ಕೊಯ್ಯೋವಾಗ ಏನೋ ಚುಚ್ಚಿತು ಅಂದ್ಕೊಂಡು ಸುಮ್ನಿದ್ದು ಸ್ವಲ್ಪ ಹೊತ್ತಿಗೆ ಉಗುಳಿದ್ರೆ ರಕ್ತ ಬಂತು ಅಂದ್ರೆ ವಿಷ ರಕ್ತ ಹೆಪ್ಪುಗಟ್ಟೋದನ್ನ ಕೆಡಿಸಿದೆ ಅಂತ ಅರ್ಥ. ನಾಟಿ ಔಷಧಿ, ಕಟ್ಟು ಹಾಕೋದು ಎಲ್ಲ ಬಿಟ್ಟು ಎಎಸ್‌ವಿ, ಅಂದ್ರೆ ಹಾವಿನ ವಿಷಕ್ಕೆ ಕೊಡೋ ಇಂಜೆಕ್ಷನ್ ಇರೋ ಆಸ್ಪತ್ರೆಗೆ ಹೋಗ್ಬೇಕು. ಇದ್ಯಾವುದೂ ಇಲ್ದೆ, ಬ್ರಷ್ ಮುಟ್ಟದೆ ತಾನಾಗೇ ರಕ್ತ, ವಸಡು ದಪ್ಪಗೆ ಊದಿದೆ, ಮೈಮೇಲೆ ಕಾರಣ ಇಲ್ದೆ ನೀಲಿ ಕಲೆ, ಸುಸ್ತು, ಹೀಗಿದ್ರೆ ಒಂದು ರಕ್ತ ಪರೀಕ್ಷೆ ಮಾಡ್ಸಿ. ಪ್ಲೇಟ್‌ಲೆಟ್ ಕಮ್ಮಿ ಇರ್ಬಹುದು, ಲಿವರ್ ತೊಂದ್ರೆ ಇರ್ಬಹುದು, ಅಪರೂಪಕ್ಕೆ ರಕ್ತದ ಕ್ಯಾನ್ಸರೂ ಮೊದ್ಲು ವಸಡಲ್ಲೇ ಕಾಣಿಸ್ಕೊಳುತ್ತೆ.

ಕೊನೇದಾಗಿ ಸರ್ಕಾರಕ್ಕೂ ಒಂದು ಮಾತು, ನಿಮ್ಮ ಪೇಪರ್ ಮೂಲಕ. ದಂತ ಭಾಗ್ಯ ಅಂತ ಯೋಜನೆ ಮಾಡಿ ಬಿಪಿಎಲ್ ಕಾರ್ಡಿನ ಹಿರಿಯರಿಗೆ ಪುಕ್ಕಟೆ ಹಲ್ಲಿನ ಸೆಟ್ ಕೊಡ್ತಾರೆ, ಒಳ್ಳೇ ಕೆಲ್ಸ, ಊಟ ಅಗಿಯೋಕಾಗದ ಅಜ್ಜ ಅಜ್ಜಿಗೆ ಅದ್ರ ಬೆಲೆ ಗೊತ್ತು. ಆದ್ರೆ ಹಲ್ಲು ಬೀಳೋ ತನ್ಕ ಯಾಕೆ ಕಾಯ್ಬೇಕು? ಶುಗರ್ ಬಿಪಿ ನೋಡೋಕೆ ಕ್ಯಾಂಪ್ ಮಾಡ್ತಾರಲ್ಲ, ಅದೇ ಕ್ಯಾಂಪಲ್ಲಿ ಒಂದು ಟಾರ್ಚು ಒಂದು ಕನ್ನಡಿ ಹಿಡ್ಕೊಂಡು ಬಾಯಿ ನೋಡೋರನ್ನೂ ಕೂರಿಸ್ಲಿ. ಎಷ್ಟೋ ತಾಲ್ಲೂಕು ಆಸ್ಪತ್ರೇಲಿ ಹಲ್ಲಿನ ವಿಭಾಗ ಇದೆ, ಹಲ್ಲು ಕೀಳ್ಸೋಕೆ ಮಾತ್ರ ಅಂತ ಜನ ತಿಳ್ಕೊಂಡಿದ್ದಾರೆ, ಕ್ಲೀನಿಂಗ್ ಯಾವ ದಿನ ಮಾಡ್ತಾರೆ ಅಂತ ಹೊರಗೆ ಒಂದು ಬೋರ್ಡ್ ಹಾಕಿದ್ರೆ ಅರ್ಧ ಕೆಲ್ಸ ಆಯ್ತು. ಡೆಂಟಲ್ ಕಾಲೇಜುಗಳು ನಮ್ಮ ರಾಜ್ಯದಲ್ಲಿ ಬೇಕಾದಷ್ಟಿವೆ, ಹೊರಗಿನ ಕ್ಲಿನಿಕ್ಕಿಗಿಂತ ಕಮ್ಮಿ ದುಡ್ಡಲ್ಲಿ ಅಲ್ಲಿ ವಿದ್ಯಾರ್ಥಿಗಳು ಮೇಷ್ಟ್ರ ಎದುರಿಗೇ ಕ್ಲೀನ್ ಮಾಡ್ತಾರೆ, ಅವ್ರ ಬಸ್ಸು ಹಳ್ಳಿ ಕಡೆ ತಿಂಗ್ಳಿಗೊಂದ್ಸಲ ಬಂದ್ರೂ ಆಗುತ್ತೆ.

ನಿಮಗೂ ಒಂದು ಬೇಡಿಕೆ. ಮಾರ್ಚ್ 20 ಬಾಯಿ ಆರೋಗ್ಯದ ದಿನ, ಅವತ್ತು ಆ ಪುಟಾನ ಒಬ್ಬ ವಸಡು ತಜ್ಞರಿಗೆ ಬಿಟ್ಕೊಡಿ, ಬ್ರಷ್ ಹಿಡಿಯೋದು ಹೇಗೆ ಅಂತ ದೊಡ್ಡದಾಗಿ ಚಿತ್ರ ಹಾಕಿ, ಅದನ್ನ ಕತ್ತರಿಸಿ ನಮ್ಮಂಗಡಿ ಗಾಜಿಗೆ ನಾನೇ ಅಂಟಿಸ್ತೀನಿ. ಅಲ್ಲಿ ತನ್ಕ ಲವಂಗದ ಎಣ್ಣೆ ಕೇಳ್ಕೊಂಡು ಬರೋರಿಗೆ ಸಾಫ್ಟ್ ಬ್ರಷ್ ಕೊಟ್ಟು ಬೈಸ್ಕೊಳೋದು ನಂಗೆ ಇದ್ದಿದ್ದೇ.

ಇತಿ,
ಸಾಗರದ ಒಬ್ಬ ಮೆಡಿಕಲ್ ಶಾಪಿನವ